ಮೊದಲ ಇಸಿಜಿ ಚೀಟಿಯೂ ತಲಪಾಡಿ ದಾಟಬೇಕು

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಈ ಊರುಗಳಲ್ಲಿ ಯಾರಾದರೂ ತಲೆ ಹಿಡಿದುಕೊಂಡು ಕುಸಿದರೆ ಆಂಬುಲೆನ್ಸ್ ಯಾವ ಕಡೆ ತಿರುಗುತ್ತದೆ ಅಂತ ಕೇಳಬೇಕಾಗಿಯೇ ಇಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಒಂದು ಡ್ರಿಪ್ಪು, ಒಂದು ಇಸಿಜಿ, "ಬೇಗ ಮಂಗಳೂರಿಗೆ ಕೊಂಡುಹೋಗಿ" ಎಂಬ ಒಂದು ಮಾತು. ಆಮೇಲೆ ತಲಪಾಡಿ. ಗಾಡಿಯಲ್ಲಿ ರೋಗಿಯ ಜೊತೆಗೆ ಆಧಾರ್ ಕಾರ್ಡು, ಇನ್ಶೂರೆನ್ಸ್ ಕಾರ್ಡು, ಚಿನ್ನ ಅಡವಿಟ್ಟು ತಂದ ದುಡ್ಡು, ಸಿಟಿ ಸ್ಕ್ಯಾನ್ ಆಗಿದ್ದರೆ ಅದರ ದೊಡ್ಡ ಕವರು, ಎಲ್ಲವೂ ಹೋಗುತ್ತದೆ. ಮೊದಲ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯ ಉದ್ದದ ಚೀಟಿ ಮಾತ್ರ ಎಷ್ಟೋ ಸಲ ಅಲ್ಲೇ ಮೇಜಿನ ಮೇಲೆ ಉಳಿದುಬಿಡುತ್ತದೆ. ತಲೆಯ ಕೇಸಿಗೆ ಎದೆಯ ಚೀಟಿ ಯಾಕೆ ಅಂತ ಯಾರಿಗಾದರೂ ಅನಿಸುವುದು ಸಹಜವೇ.

ಆದರೆ ಬೇಕು. ಮೆದುಳಿನಲ್ಲಿ ಜೋರಾಗಿ ರಕ್ತಸ್ರಾವವಾದ ರೋಗಿಯ ಹೃದಯಕ್ಕೂ ಅದೇ ಗಂಟೆಗಳಲ್ಲಿ ಪೆಟ್ಟು ಬೀಳಬಹುದು. ಅದು ಬಿದ್ದಿದೆಯೋ ಇಲ್ಲವೋ ಎಂದು ತಿಳಿಯಲು ಮೊದಲ ಇಸಿಜಿ ಚೀಟಿಗಿಂತ ಅಗ್ಗದ ಸಾಕ್ಷಿ ಬೇರೆ ಇಲ್ಲ.

ಮೆದುಳಿನ ರಕ್ತಸ್ರಾವದಲ್ಲಿ ಒಂದಕ್ಕಿಂತ ಹೆಚ್ಚು ಬಗೆ. ಬಿ.ಪಿ. ಏರಿ ಮೆದುಳಿನ ಒಳಗಿನ ಸಣ್ಣ ನಾಳ ಒಡೆಯುವುದು ನಮ್ಮ ಕಡೆ ಹೆಚ್ಚು ಪರಿಚಿತ. ಇನ್ನೊಂದು, ಮೆದುಳಿನ ಬುಡದಲ್ಲಿರುವ ರಕ್ತನಾಳದ ಗೋಡೆ ಬಲೂನಿನ ಹಾಗೆ ಉಬ್ಬಿ, ಒಂದು ದಿನ ಒಡೆದು, ಮೆದುಳಿನ ಸುತ್ತಲಿನ ಪೊರೆಯ ಕೆಳಗೆ ರಕ್ತ ಹರಡುವುದು. ಡಾಕ್ಟರರು ಇದನ್ನು ಸಬ್‌ಅರಾಕ್ನಾಯ್ಡ್ ಹೆಮರೇಜ್ ಎನ್ನುತ್ತಾರೆ. ಪೆಟ್ಟು ತಾಗದೆ ತಾನಾಗಿ ಆಗುವ ಇಂಥ ರಕ್ತಸ್ರಾವಗಳಲ್ಲಿ ಸುಮಾರು 85 ಶೇಕಡಾ ಈ ಬಲೂನು ಒಡೆದೇ ಆಗುವುದು. "ಸಿಡಿಲು ಬಡಿದ ಹಾಗಾಯ್ತು", "ಹುಟ್ಟಿದ ಮೇಲೆ ಇಂಥ ತಲೆನೋವು ಬಂದದ್ದಿಲ್ಲ" ಎಂದು ಹೇಳಿ ಕೆಲವರು ಅಲ್ಲೇ ಬೀಳುತ್ತಾರೆ. ಹೃದಯಕ್ಕೆ ಪೆಟ್ಟು ಬೀಳುವುದು ಎರಡೂ ಬಗೆಯಲ್ಲಿ ಉಂಟು, ಆದರೆ ಈ ಎರಡನೆಯದರಲ್ಲಿ ಹೆಚ್ಚು.

ಇದೇನೂ ನಿನ್ನೆ ಮೊನ್ನೆ ಗೊತ್ತಾದ ಸಂಗತಿಯಲ್ಲ. ಇಂಥ ರೋಗಿಗಳ ಇಸಿಜಿ ವಿಚಿತ್ರವಾಗಿ ಬದಲಾಗುತ್ತದೆ ಎಂದು ಅಮೆರಿಕದ ವೈದ್ಯರು 1947ರಲ್ಲೇ ಬರೆದಿಟ್ಟಿದ್ದರು. 1954ರಲ್ಲಿ ಜಾರ್ಜ್ ಬರ್ಚ್ ಮತ್ತು ಸಂಗಡಿಗರು ಅದನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಇಸಿಜಿಯ ಟಿ ಎಂಬ ಅಲೆ ತಲೆಕೆಳಗಾಗಿ ಆಳವಾಗಿ ಇಳಿಯುವುದು, ಹೃದಯ ಒಂದು ಬಡಿತ ಮುಗಿಸಿ ಮತ್ತೆ ಸಿದ್ಧವಾಗಲು ತೆಗೆದುಕೊಳ್ಳುವ ಕ್ಯೂಟಿ ಎಂಬ ಅವಧಿ ಉದ್ದವಾಗುವುದು, ಇವೆಲ್ಲ ಆವಾಗಲೇ ಕಂಡದ್ದು. ಹಾಗಿದ್ದೂ ತಲೆಯ ಡಾಕ್ಟರು ತಲೆ ನೋಡ್ತಾರೆ, ಎದೆಯ ಡಾಕ್ಟರು ಎದೆ ನೋಡ್ತಾರೆ ಎಂಬ ಭಾವನೆ ಜನರಲ್ಲಿ ಮಾತ್ರವಲ್ಲ, ಆಸ್ಪತ್ರೆಗಳ ವ್ಯವಸ್ಥೆಯಲ್ಲೂ ಗಟ್ಟಿಯಾಗಿ ಕೂತಿದೆ.

ಆಗುವುದೇನು? ರಕ್ತ ಚಿಮ್ಮಿದಾಗ ತಲೆಬುರುಡೆಯ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಗಾಬರಿ ಬಿದ್ದಾಗ ಮೈಯಲ್ಲಿ ಹರಿಯುವ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಂಬ ರಸಗಳು ಆಗ ಪ್ರವಾಹದ ಹಾಗೆ ನುಗ್ಗುತ್ತವೆ. ರಕ್ತದಲ್ಲಿ ಹರಿದು ಬರುವುದು ಒಂದು, ಹೃದಯದ ಮಾಂಸದೊಳಗೇ ಕೊನೆಯಾಗುವ ನರಗಳ ತುದಿಯಿಂದ ಸುರಿಯುವುದು ಇನ್ನೊಂದು. ಆ ಹೊಡೆತಕ್ಕೆ ಹೃದಯದ ಸ್ನಾಯು ಸೆಟೆದುಕೊಂಡು ಅಲ್ಲಲ್ಲಿ ಹಾಳಾಗುತ್ತದೆ, ಉಳಿದ ಭಾಗ ಮಂಕು ಬಡಿದ ಹಾಗೆ ನಿಧಾನವಾಗುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಯಾವ ಬ್ಲಾಕೂ ಇಲ್ಲದಿರಬಹುದು, ಪೈಪು ಸರಿ ಇದ್ದು ಪಂಪು ಸೋತ ಹಾಗೆ. ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದ ಟಾಕೊಟ್ಸುಬೊ ಎಂಬ ಹೃದಯದ ತೊಂದರೆ ಇದರ ಹತ್ತಿರದ ಸಂಬಂಧಿ. ಟಾಕೊಟ್ಸುಬೊ ಅಂದರೆ ಅಲ್ಲಿನ ಮೀನುಗಾರರು ಅಷ್ಟಪದಿ ಹಿಡಿಯಲು ಕಡಲಿಗೆ ಇಳಿಸುವ ಮಡಕೆ. ಸೋತ ಹೃದಯ ಕೆಳಗೆ ಉಬ್ಬಿ, ಕುತ್ತಿಗೆ ಕಿರಿದಾಗಿ, ಆ ಮಡಕೆಯಂತೆ ಕಾಣುತ್ತದೆ ಎಂದು ಆ ಹೆಸರು. ದೊಡ್ಡ ದುಃಖ, ದೊಡ್ಡ ಹೆದರಿಕೆಯಿಂದಲೂ ಅದು ಬರುವುದುಂಟು, "ಎದೆಯೊಡೆದು ಹೋಯಿತು" ಅನ್ನುವ ಹಳೆಯ ಮಾತು ಪೂರ್ತಿ ಸುಳ್ಳಲ್ಲ.

ಹೃದಯ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೊಪೋನಿನ್ ಎಂಬ ವಸ್ತು, ಈ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಏರಿರುತ್ತದೆ. ಇಸಿಜಿ ಬದಲಾಗುವುದು ಅದಕ್ಕಿಂತಲೂ ಹೆಚ್ಚು ಜನರಿಗೆ. ರಕ್ತಸ್ರಾವ ಎಷ್ಟು ಜೋರೋ ಹೃದಯಕ್ಕೆ ಪೆಟ್ಟಾಗುವ ಸಂಭವವೂ ಅಷ್ಟು ಜಾಸ್ತಿ. ಗಂಡಸರಿಗಿಂತ ಹೆಂಗಸರಿಗೆ, ಅದರಲ್ಲೂ ಮುಟ್ಟು ನಿಂತ ವಯಸ್ಸಿನವರಿಗೆ ಅಪಾಯ ಹೆಚ್ಚು.

ಜೋರು ರಕ್ತಸ್ರಾವವಾದವರಿಗೆ ಪ್ರಜ್ಞೆ ಇರುವುದಿಲ್ಲ, ಗಂಟಲಿಗೆ ಕೊಳವೆ ಹಾಕಿರುತ್ತಾರೆ. ಸಾಮಾನ್ಯ ಹೃದ್ರೋಗಿ ಎದೆ ಹಿಡಿದು "ಇಲ್ಲಿ ನೋಯ್ತದೆ" ಅನ್ನುತ್ತಾನೆ. ಇವರು ಹೇಳುವ ಹಾಗೇ ಇಲ್ಲ. ಯಾರ ಹೃದಯಕ್ಕೆ ಅಪಾಯ ಹೆಚ್ಚೋ ಅವರೇ ಅದನ್ನು ಹೇಳಲಾಗದ ಸ್ಥಿತಿಯಲ್ಲಿ ಇರುವುದು. ಹಾಗಾಗಿ ಹುಡುಕಿ ನೋಡಿದರೆ ಮಾತ್ರ ಗೊತ್ತಾಗುವ ತೊಂದರೆ ಇದು.

"ಹಾರ್ಟ್ ಎಟೇಕ್" ಎಂಬ ತಪ್ಪು

ಇದರ ತಿರುಗುಮುರುಗು ಇನ್ನೂ ಅಪಾಯದ್ದು. ಮೆದುಳಿನ ರಕ್ತಸ್ರಾವದ ಇಸಿಜಿ ಕೆಲವೊಮ್ಮೆ ಹೃದಯಾಘಾತದ ಇಸಿಜಿಯಂತೆಯೇ ಇರುತ್ತದೆ. ಬಿದ್ದವರನ್ನು ಕರೆತಂದವರು "ಹಾರ್ಟ್ ಎಟೇಕ್ ಆಗಿರ್ಬೇಕು" ಅಂದರು, ಚೀಟಿಯೂ ಹಾಗೇ ಕಂಡಿತು, ಟ್ರೊಪೋನಿನ್ ಕೂಡ ಏರಿದೆ ಅಂದಾಗ ಕ್ಯಾಶುವಾಲ್ಟಿಯ ಡಾಕ್ಟರು ಏನು ಮಾಡಬೇಕು? ಹೃದಯಾಘಾತಕ್ಕೆ ಮೊದಲ ಮದ್ದೇ ರಕ್ತ ತೆಳು ಮಾಡುವ ಮಾತ್ರೆ, ಹೆಪ್ಪು ಕರಗಿಸುವ ಇಂಜೆಕ್ಷನ್. ತಲೆಯಲ್ಲಿ ರಕ್ತ ಒಸರುತ್ತಿರುವವರಿಗೆ ಅದೇ ಕೊಟ್ಟರೆ ನಿಲ್ಲಬೇಕಾದ ರಕ್ತ ನಿಲ್ಲುವುದಿಲ್ಲ. ಒಡೆದ ಬಲೂನು ಮತ್ತೊಮ್ಮೆ ಒಡೆಯುವ ಭಯ ಹೆಚ್ಚಿರುವುದು ಮೊದಲ 24 ಗಂಟೆಗಳಲ್ಲಿ.

ಕರ್ನಾಟಕ ಸರಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಎಷ್ಟೋ ಜೀವ ಉಳಿಸುವ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ಓದುವುದು ಗೆರೆಯನ್ನು. ಗೆರೆ ಬದಲಾಗುವ ಮೊದಲು ತಲೆ ಸಿಡಿದಿತ್ತೋ ಎದೆ ಹಿಂಡಿತ್ತೋ ಎನ್ನುವುದನ್ನು ಮನೆಯವರೇ ಹೇಳಬೇಕು. "ಮೊದಲು ತಲೆನೋವು ಬಂತು, ಆಮೇಲೆ ಬಿದ್ದರು" ಎಂಬ ಒಂದೇ ವಾಕ್ಯ ಸಾಕು, ಡಾಕ್ಟರು ಇಂಜೆಕ್ಷನ್ನಿನ ಮೊದಲು ತಲೆಯ ಸ್ಕ್ಯಾನಿಗೆ ಕಳಿಸುತ್ತಾರೆ. ತಲೆನೋವು ಶುರುವಾಗಿ 6 ಗಂಟೆಯೊಳಗೆ ಮಾಡಿದ ಒಳ್ಳೆಯ ಸಿಟಿ ಸ್ಕ್ಯಾನಿನಲ್ಲಿ ಇಂಥ ರಕ್ತಸ್ರಾವ ತಪ್ಪಿಹೋಗುವುದು ತೀರಾ ಅಪರೂಪ. ಆಮೇಲೆ ತಡವಾದಷ್ಟೂ ಸ್ಕ್ಯಾನಿಗೂ ಮಸುಕು. ಮನೆಯಲ್ಲೇ ಯಾರದೋ ಮಾತು ಕೇಳಿ ಆಸ್ಪಿರಿನ್ ಅಗಿಯಲು ಕೊಡುವುದು ಇಂಥ ಹೊತ್ತಲ್ಲಿ ಬೇಡವೇ ಬೇಡ.

ಆ ಒಂದು ವಾಕ್ಯ ಯಾವ ಭಾಷೆಯಲ್ಲಿ?

ಗಡಿನಾಡಿನ ತೊಡಕು ಇರುವುದು ಇಲ್ಲೇ. ಮನೆಯಲ್ಲಿ ತುಳು, ಕನ್ನಡ, ಹವ್ಯಕ, ಕೊಂಕಣಿ, ಮರಾಠಿ. ಕ್ಯಾಶುವಾಲ್ಟಿಯಲ್ಲಿ ಮಲಯಾಳ. ಗಡಿಬಿಡಿಯಲ್ಲಿ ಬಂದ ಅಜ್ಜಿಯೋ ಅತ್ತೆಯೋ "ತರೆಬೇನೆ" ಅಂದರೆ ತೆಂಕಣದಿಂದ ಹೊಸದಾಗಿ ವರ್ಗವಾಗಿ ಬಂದ ಡಾಕ್ಟರಿಗೆ ತಲೆನೋವು ಎಂದು ತಿಳಿಯಬೇಕಲ್ಲ! ಕನ್ನಡದಲ್ಲೂ ನಮ್ಮ ಜನ "ತಲೆ ತಿರುಗಿ ಬಿದ್ದರು" ಅಂತ ಒಂದೇ ಮಾತಲ್ಲಿ ಎಲ್ಲವನ್ನೂ ಮುಗಿಸುತ್ತಾರೆ. ತಲೆ ತಿರುಗಿದ್ದು ಬೇರೆ, ತಲೆ ಸಿಡಿದದ್ದು ಬೇರೆ. ಸಕ್ಕರೆ ಇಳಿದು ಬಿದ್ದವರೂ ತಲೆ ತಿರುಗಿಯೇ ಬೀಳುವುದು. ನಡುವೆ ಯಾರೋ ನೆರೆಮನೆಯ ಹುಡುಗ ಮಲಯಾಳದಲ್ಲಿ ಹೇಳುವಾಗ ಅವನಿಗೆ ಗೊತ್ತಿರುವ ದೊಡ್ಡ ಶಬ್ದ "ಎಟೇಕ್". ಅಲ್ಲಿಗೆ ಕೇಸಿನ ದಿಕ್ಕು ಬದಲಾಗಬಹುದು.

ಕನ್ನಡ ಶಾಲೆಗೆ ಕನ್ನಡ ಗೊತ್ತಿಲ್ಲದ ಅಧ್ಯಾಪಕರನ್ನು ಹಾಕಿದರು ಅಂತ ಕಾಸರಗೋಡಿನಲ್ಲಿ ಧರಣಿ, ಮೆರವಣಿಗೆ, ಕೋರ್ಟು ಎಲ್ಲ ಆಗಿದೆ. ಆಗಬೇಕಾದದ್ದೇ. ಆದರೆ ಕ್ಯಾಶುವಾಲ್ಟಿಯ ಬಾಗಿಲಲ್ಲಿ ಕನ್ನಡ, ತುಳು ಬಲ್ಲ ಒಬ್ಬ ನರ್ಸೋ ಅಟೆಂಡರೋ ಇಪ್ಪತ್ತನಾಲ್ಕು ಗಂಟೆಯೂ ಇರಬೇಕು ಎಂದು ಯಾವ ಸಂಘವೂ ಅಷ್ಟೇ ಜೋರಾಗಿ ಕೇಳಿದ್ದು ಕಾಣುವುದಿಲ್ಲ. ಶಾಲೆಯಲ್ಲಿ ಭಾಷೆ ತಪ್ಪಿದರೆ ಮಗುವಿನ ಒಂದು ವರ್ಷ ಹಾಳು, ಇಲ್ಲಿ ತಪ್ಪಿದರೆ ಸರಿಪಡಿಸಿಕೊಳ್ಳಲು ಇನ್ನೊಂದು ವರ್ಷ ಸಿಗುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದರೆ ಬೋರ್ಡು, ಅರ್ಜಿ ನಮೂನೆ, ಪಠ್ಯಪುಸ್ತಕ ಇಷ್ಟೇ ಎಂದು ನಾವೇ ಕಿರಿದು ಮಾಡಿಕೊಂಡಿದ್ದೇವೆಯೋ ಏನೋ.

ಇಸಿಜಿ ಚೀಟಿಯ ಅನುಕೂಲವೂ ಅದೇ. ಅದಕ್ಕೆ ಭಾಷೆಯಿಲ್ಲ. ಉಪ್ಪಳದಲ್ಲಿ ಬರೆದ ಗೆರೆಯನ್ನು ಮಂಗಳೂರಿನಲ್ಲೂ ಪರಿಯಾರದಲ್ಲೂ ಬೆಂಗಳೂರಿನಲ್ಲೂ ಒಂದೇ ರೀತಿ ಓದುತ್ತಾರೆ.

ದೊಡ್ಡಾಸ್ಪತ್ರೆಯಲ್ಲಿ ನೋಡಬೇಕಾದ್ದು

ದೊಡ್ಡ ಆಸ್ಪತ್ರೆಗೆ ಮುಟ್ಟಿದ ಮೇಲೆ ಮತ್ತೊಂದು ಇಸಿಜಿ ತೆಗೆಯುತ್ತಾರೆ. ಆಗ ಮೊದಲನೆಯದು ಪಕ್ಕದಲ್ಲಿದ್ದರೆ ಎರಡು ಗಂಟೆಯಲ್ಲಿ ಏನು ಬದಲಾಯಿತು ಎಂದು ಕಾಣುತ್ತದೆ. ಬಿ.ಪಿ., ಸಕ್ಕರೆಗೆಂದು ಹಿಂದೆ ಯಾವಾಗಲೋ ತೆಗೆಸಿದ ಹಳೆಯ ಇಸಿಜಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಹಳೆಯ ಹೃದ್ರೋಗ ಯಾವುದು, ತಲೆಯಿಂದ ಬಂದ ಹೊಸ ತೊಂದರೆ ಯಾವುದು ಎಂದು ಬೇರ್ಪಡಿಸಬಹುದು. ಟ್ರೊಪೋನಿನ್ ಒಂದು ಸಲ ನೋಡಿ ಬಿಡುವುದಲ್ಲ, ಕೆಲವು ಗಂಟೆ ಬಿಟ್ಟು ಪುನಃ ನೋಡಬೇಕು. ಹೃದಯದ ಗೋಡೆ ಹೇಗೆ ಕುಣಿಯುತ್ತಿದೆ ಎಂದು ತೋರಿಸುವುದು ಎಕೋ. ಹೃದಯಾಘಾತದಲ್ಲಿ ಒಂದು ನಾಳದ ಪಾಲಿನ ಗೋಡೆ ಮಾತ್ರ ಸೋಲುತ್ತದೆ. ತಲೆಯಿಂದ ಬಂದ ಪೆಟ್ಟಿನಲ್ಲಿ ಆ ಗಡಿ ದಾಟಿ ಎರಡು ಮೂರು ನಾಳಗಳ ಪಾಲಿನ ಗೋಡೆ ಸೋತಿರುವುದುಂಟು, ಅದೂ ಟ್ರೊಪೋನಿನ್ ಅಷ್ಟೇನೂ ಏರದೆ. ಅನುಭವಿ ಡಾಕ್ಟರಿಗೆ ಇದೊಂದು ದೊಡ್ಡ ಸುಳಿವು.

ಎಲ್ಲರಿಗೂ ಎಕೋ ಮಾಡುವುದು ದಂಡ, ತಲೆಯ ಕೆಲಸ ತಡವಾಗುತ್ತದೆ ಎನ್ನುವ ಡಾಕ್ಟರರೂ ಇದ್ದಾರೆ. ಅವರ ಮಾತಲ್ಲಿ ಹುರುಳಿದೆ. ಒಡೆದ ಬಲೂನನ್ನು ಕ್ಲಿಪ್ಪು ಹಾಕಿಯೋ ಕಾಯಿಲ್ ತುಂಬಿಸಿಯೋ ಮುಚ್ಚುವ ಕೆಲಸ ಎದೆಯ ಪರೀಕ್ಷೆಗಾಗಿ ಕಾಯಬಾರದು. ಇಸಿಜಿಯ ಬದಲಾವಣೆಗಳಲ್ಲಿ ಹಲವು ತಾವಾಗಿ ಸರಿಹೋಗುವಂಥವು ಎಂಬುದೂ ನಿಜ. ಆದರೆ ಮಂಚದ ಪಕ್ಕದಲ್ಲೇ ಮಾಡುವ ಎಕೋಗೆ ಹಿಡಿಯುವ ಹೊತ್ತು ಎಷ್ಟು? ತಲೆಯ ಆಂಜಿಯೋಗ್ರಾಂ, ಕಾಯಿಲ್, ವೆಂಟಿಲೇಟರುಗಳ ಬಿಲ್ಲಿನ ಎದುರು ಅದರ ಖರ್ಚು ಎಷ್ಟು? ಎದೆಯ ಪ್ರಾಥಮಿಕ ತಪಾಸಣೆಯಾಗಿ ಇಸಿಜಿ, ಮರುಮರು ರಕ್ತಪರೀಕ್ಷೆ, ಎಕೋ ಇರಬೇಕು, ಹೃದಯ ಸೋತ ಲಕ್ಷಣ ಇದ್ದವರಲ್ಲಂತೂ ಖಂಡಿತ ಎಂದು ನ್ಯೂರೋಕ್ರಿಟಿಕಲ್ ಕೇರ್ ಸೊಸೈಟಿಯ ತಜ್ಞರ ಒಮ್ಮತದ ಶಿಫಾರಸು 2011ರಲ್ಲೇ ಪ್ರಕಟವಾಗಿದೆ. ಇಸಿಜಿ ಮತ್ತು ಟ್ರೊಪೋನಿನ್ ಎಲ್ಲರಿಗೂ. ಅದರಲ್ಲಿ ಎಡವಟ್ಟು ಕಂಡರೆ, ಬಿ.ಪಿ. ಕುಸಿದರೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ, ರೋಗಿಯ ಸ್ಥಿತಿ ತೀರಾ ಗಂಭೀರವಿದ್ದರೆ ಎಕೋ. ಇಷ್ಟನ್ನು ಕೇಳುವುದು ಅತಿಯಾಸೆಯಲ್ಲ.

ಯಾಕೆಂದರೆ ತಲೆಯ ಚಿಕಿತ್ಸೆಯೇ ಹೃದಯದ ಮೇಲೆ ನಿಂತಿದೆ. ರಕ್ತಸ್ರಾವವಾಗಿ ನಾಲ್ಕನೆಯ ದಿನದಿಂದ ಎರಡು ವಾರದವರೆಗೆ ಮೆದುಳಿನ ನಾಳಗಳು ಬಿಗಿದುಕೊಂಡು, ಮೆದುಳಿಗೆ ರಕ್ತ ಸಾಲದೆ ಮತ್ತೊಂದು ಆಘಾತವಾಗುವ ಭಯವಿದೆ. ಅದನ್ನು ತಡೆಯಲು ನಿಮೋಡಿಪಿನ್ ಮಾತ್ರೆಯನ್ನು 4 ಗಂಟೆಗೊಮ್ಮೆಯಂತೆ 21 ದಿನ ಕೊಡುತ್ತಾರೆ, ಅದು ಬಿ.ಪಿ.ಯನ್ನು ಇಳಿಸಬಹುದು. ನಾಳ ಬಿಗಿದು ರಕ್ತ ಸಾಲದಾದರೆ ಬಿ.ಪಿ. ಏರಿಸಬೇಕಾಗುತ್ತದೆ. ಹೃದಯ ಸೋತಿರುವುದು ಗೊತ್ತಿಲ್ಲದೆ ನೀರು ಏರಿಸಿದರೆ ಅದು ಹೋಗಿ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಗೊತ್ತಿದ್ದರೆ ಮದ್ದು ಬೇರೆ, ಅಳತೆ ಬೇರೆ. ಇನ್ನು ಕ್ಯೂಟಿ ಉದ್ದವಾಗಿರುವವರಿಗೆ ವಾಂತಿ ನಿಲ್ಲಿಸಲು ಕೊಡುವ ಒಂಡಾನ್ಸೆಟ್ರಾನ್, ಅಜಿತ್ರೋಮೈಸಿನ್‌ನಂಥ ಆಂಟಿಬಯೋಟಿಕ್ ಕೂಡ ಬಡಿತ ಕೆಡಿಸಬಹುದು. ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಯದ ಹಾಗೆ ನೋಡಬೇಕು. ಇದೆಲ್ಲ ಡಾಕ್ಟರರ ಕೆಲಸ, ಮನೆಯವರ ಕೆಲಸವಲ್ಲ. ಆದರೆ "ಎದೆಯನ್ನೂ ನೋಡಿದ್ದೀರಾ ಡಾಕ್ಟ್ರೆ?" ಎಂದು ಮರ್ಯಾದೆಯಿಂದ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟು ಮಾಡುವುದಿಲ್ಲ.

"ಹಾರ್ಟೂ ಹೋಯ್ತಂತೆ"

ಐಸಿಯುವಿನ ಹೊರಗಿನ ಬೆಂಚಿನಲ್ಲಿ ನಡೆಯುವ ಒಂದು ಸಂಗತಿಯನ್ನು ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಮೂರನೆಯ ದಿನ ಡಾಕ್ಟರು ಬಂದು ಹೃದಯದ ಪಂಪಿಂಗ್ ಕಡಿಮೆಯಾಗಿದೆ ಅನ್ನುತ್ತಾರೆ. ತಲೆಗೆ ಆದದ್ದೇ ಸಾಲದು ಅಂತ ಹಾರ್ಟೂ ಹೋಯ್ತಂತೆ, ಇನ್ನೇನು ಉಳಿದದ್ದು, ಮನೆಗೆ ಕೊಂಡುಹೋಗುವ ಎಂಬ ಮಾತು ಸಂಜೆಯೊಳಗೆ ಎದ್ದುಬಿಡುತ್ತದೆ. ಸಾಲವೂ ಬೆಳೆದಿರುತ್ತದೆ, ಊರಿಂದ ಫೋನುಗಳೂ ಬರುತ್ತಿರುತ್ತವೆ.

ಆ ಹೊತ್ತಿಗೆ ಒಂದು ವಿಷಯ ತಿಳಿದಿರಬೇಕು. ತಲೆಯಿಂದ ಹೃದಯಕ್ಕೆ ಬಂದ ಈ ಸೋಲು ಬಹುಪಾಲು ತಾತ್ಕಾಲಿಕ. ಬದುಕಿ ಉಳಿದವರಲ್ಲಿ ಹೃದಯ ಹೆಚ್ಚಾಗಿ ಕೆಲವು ದಿನಗಳಲ್ಲಿ, ಇಲ್ಲವೇ ಕೆಲವು ವಾರಗಳಲ್ಲಿ ಮೊದಲಿನ ಶಕ್ತಿಗೆ ಮರಳುತ್ತದೆ. ಹೃದಯಕ್ಕೂ ಪೆಟ್ಟಾದವರಿಗೆ ಒಟ್ಟು ಅಪಾಯ ಹೆಚ್ಚು, ಅದನ್ನು ಮುಚ್ಚಿಡಬೇಕಾಗಿಲ್ಲ. ಮೂಲ ರಕ್ತಸ್ರಾವವೇ ಜೋರಾಗಿದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಆದರೆ ತಲೆಯ ಗತಿ ಏನು ಎಂದು ಕೇಳಿ ತೀರ್ಮಾನಿಸುವುದು ಬೇರೆ, ಹಾರ್ಟ್ ಕೈಕೊಟ್ಟಿತು ಎಂಬ ಒಂದೇ ಕಾರಣಕ್ಕೆ ಕೈಚೆಲ್ಲುವುದು ಬೇರೆ. ಇದನ್ನು ಡಾಕ್ಟರರು ಬಿಡಿಸಿ ಹೇಳಬೇಕು, ಕನ್ನಡದಲ್ಲೋ ತುಳುವಿನಲ್ಲೋ ಹೇಳಬೇಕು. ಮಂಗಳೂರಿನಲ್ಲಿ ಅದಕ್ಕೆ ಭಾಷೆಯ ನೆಪವೂ ಇಲ್ಲ.

ಬೇರೆ ಗಡಿಗಳಲ್ಲೂ ಕಥೆ ಹೆಚ್ಚು ಬೇರೆಯಲ್ಲ. ತಾಳವಾಡಿಯವರು ಚಾಮರಾಜನಗರ, ಮೈಸೂರಿನ ಕಡೆ ಇಳಿಯುತ್ತಾರೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ ಹೋಗುತ್ತಾರೆ. ಹೊಸೂರಿನವರಿಗೆ ಬೆಂಗಳೂರು ಹತ್ತಿರ. ಅಲ್ಲಿ ತಲೆಗೆ ನಿಮ್ಹಾನ್ಸ್, ಎದೆಗೆ ಜಯದೇವ. ಎರಡೂ ಹೆಸರಾಂತ ಸಂಸ್ಥೆಗಳು, ಆದರೆ ಬೇರೆ ಬೇರೆ ಆವರಣ. ಒಂದೇ ಮೈಯ ಎರಡು ಅಂಗಕ್ಕೆ ಎರಡು ಗೇಟು. ಕಾಗದ ಸರಿಯಾಗಿ ಜೊತೆಗಿಲ್ಲದಿದ್ದರೆ ಕಷ್ಟ ಅಲ್ಲೂ ತಪ್ಪಿದ್ದಲ್ಲ.

ಕಾಸರಗೋಡಿನವರಿಗೆ ತಲಪಾಡಿಯ ಬೆಲೆ ಗೊತ್ತಾದದ್ದು 2020ರ ಮಾರ್ಚ್ ಕೊನೆಯಲ್ಲಿ. ಕೋವಿಡ್ ಕಾರಣಕ್ಕೆ ಕರ್ನಾಟಕ ರಸ್ತೆ ಮುಚ್ಚಿತು, ಮಂಗಳೂರಿಗೆ ಮುಟ್ಟಲಾಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಲು ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆದದ್ದೂ ಅದೇ ಏಪ್ರಿಲಿನಲ್ಲಿ. ಆಮೇಲೆ ರಸ್ತೆ ತೆರೆಯಿತು. ರೋಗಿ ದಾಟುವಾಗ ಅವನ ವಿವರವೂ ದಾಟಬೇಕು ಎಂಬ ಏರ್ಪಾಡಿನ ಬಗ್ಗೆ ಮಾತ್ರ ಆವಾಗ ಎದ್ದ ಗಲಾಟೆಯಲ್ಲಿ ಯಾರೂ ಯೋಚಿಸಿದ ಹಾಗಿಲ್ಲ.

ಬೇಕಾದದ್ದು ಅರ್ಧ ಹಾಳೆ. ತೊಂದರೆ ಶುರುವಾದ ಗಂಟೆ, ಮೊದಲು ಹೇಳಿದ್ದು ತಲೆನೋವೋ ಎದೆನೋವೋ, ಬಿ.ಪಿ. ಎಷ್ಟಿತ್ತು, ಟ್ರೊಪೋನಿನ್ ನೋಡಿದ್ದರೆ ಎಷ್ಟು, ರಕ್ತ ತೆಳು ಮಾಡುವ ಮದ್ದು ಕೊಟ್ಟಿದ್ದರೆ ಯಾವುದು, ಎಷ್ಟು ಗಂಟೆಗೆ. ಅದಕ್ಕೆ ಪಿನ್ನು ಹೊಡೆದು ಮೊದಲ ಇಸಿಜಿ. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಿಂದ ಕಾಸರಗೋಡಿನ ಜನರಲ್ ಆಸ್ಪತ್ರೆವರೆಗೆ ಒಂದೇ ನಮೂನೆ ಮಾಡಲು ವಿಧಾನಸಭೆಯಲ್ಲಿ ಮಸೂದೆ ಬೇಕಾಗಿಲ್ಲ, ಜಿಲ್ಲಾ ವೈದ್ಯಾಧಿಕಾರಿಯ ಒಂದು ಸುತ್ತೋಲೆ ಸಾಕು. ಮನೆಯವರು ಹೇಳುವ ಭಾಗ ಮಲಯಾಳ, ಕನ್ನಡ ಎರಡರಲ್ಲೂ ಅಚ್ಚಾಗಿದ್ದರೆ ಗೆರೆ ಹಾಕಿ ತೋರಿಸಲಾದರೂ ಆಗುತ್ತದೆ. ಖಾಸಗಿ ನರ್ಸಿಂಗ್ ಹೋಮುಗಳೂ ಇದನ್ನೇ ಬಳಸಬಹುದು.

ಅಷ್ಟರವರೆಗೆ ಮನೆಯವರು ಚೀಟಿಯನ್ನು ಕೇಳಿ ಪಡೆಯಬೇಕು, ಕೊಡದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಹೆಸರು, ತಾರೀಕು, ಗಂಟೆ ಕಾಣುವ ಹಾಗೆ, ಬೆಳಕಿನಲ್ಲಿ, ಮಡಿಚದೆ. ಇಸಿಜಿಯ ಕಾಗದ ಹೆಚ್ಚಾಗಿ ಬಿಸಿಗೆ ಅಚ್ಚಾಗುವ ಜಾತಿಯದ್ದು, ಬಿಸಿಲಿಗೆ ಇಟ್ಟರೆ, ವರ್ಷಗಳು ಕಳೆದರೆ ಗೆರೆ ಮಾಸುತ್ತದೆ. ಜೋಪಾನ ಮಾಡುತ್ತೇವೆ ಎಂದು ಲ್ಯಾಮಿನೇಶನ್ ಮಾಡಿಸಿದವರ ಚೀಟಿ ಪೂರ್ತಿ ಕಪ್ಪಾಗುತ್ತದೆ. ಜೆರಾಕ್ಸ್ ತೆಗೆಸಿ ಇಡುವುದೇ ಸರಿ. ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಪುನಃ ಎಕೋಗೆ ಎಂದು ಬರಬೇಕು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರೆ, ತಲೆ ಸರಿಯಾಯ್ತಲ್ಲ ಅಂತ ಬಿಡದೆ, ಆ ಜೆರಾಕ್ಸನ್ನೂ ಹಿಡಿದುಕೊಂಡೇ ಹೋಗಬೇಕು.